ಕೂನೂರಿನ ಅನ್ನಪರೀಕ್ಷಕ

ಮೊಮ್ಮಗಳಿಗೆ ರಕ್ತ ಸಾಲದೆಂದು ವೈದ್ಯರು ತಿಳಿಸಿದಂದಿನಿಂದ ಜಯನಗರದ ನಮ್ಮ ಮನೆಯಲ್ಲಿ ಅನ್ನದ ವಿಚಾರವೇ ನಿತ್ಯದ ಜಿಜ್ಞಾಸೆಯಾಯಿತು. ಹುಡುಗಿಗೆ ಒಂಬತ್ತು ವರ್ಷ. ಹಿಮೋಗ್ಲೋಬಿನ್ 9.4ಕ್ಕೆ ಇಳಿದಿತ್ತು. ವೈದ್ಯರು ಕಬ್ಬಿಣಾಂಶದ ಔಷಧವನ್ನು ಬರೆದುಕೊಟ್ಟು, ಆಹಾರದ ಕಡೆಗೂ ಲಕ್ಷ್ಯ ಕೊಡುವಂತೆ ಹೇಳಿ ಕಳುಹಿಸಿದರು. ಆದರೆ ಆಹಾರವೆಂದರೆ ಯಾವ ಆಹಾರ? ಇಂದಿನ ಕಾಳು, ತರಕಾರಿಗಳೆಲ್ಲ ರಾಸಾಯನಿಕ ಗೊಬ್ಬರದಲ್ಲಿ ಬೆಳೆದು, ಕೀಟನಾಶಕದಲ್ಲಿ ಮಿಂದು ಬರುವುದರಿಂದಲೇ ಮಕ್ಕಳು ಸೊರಗುತ್ತಿದ್ದಾರೆಂದೂ, ಅಕ್ಕಿಯಿಂದ ಬೆಲ್ಲದವರೆಗೆ ಮನೆಗೆ ಬರುವುದೆಲ್ಲ ಇನ್ನು ಸಾವಯವವೇ ಆಗಬೇಕೆಂದೂ ನನ್ನ ಸೊಸೆಯ ವಾದ. ಜೆ.ಪಿ. ನಗರದ ಸಾವಯವ ಅಂಗಡಿಯ ಚೀಟಿಯನ್ನೂ ನಮ್ಮ ಮಾಮೂಲು ದಿನಸಿ ಅಂಗಡಿಯ ಚೀಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದ ಮಗ, ಮೊದಲನೆಯದು ಎರಡನೆಯದರ ಒಂದೂವರೆ ಪಟ್ಟಿಗೂ ಮಿಕ್ಕಿದ್ದುದನ್ನು ಕಂಡು ಸುಮ್ಮನಾದ. ಮನೆಯ ಸಾಲದ ಕಂತು ಕಟ್ಟುವವನು ಅವನು. ತೀರ್ಪು ಹೇಳುವ ಭಾರ ಮೂವತ್ತು ವರ್ಷ ಮೇಷ್ಟರಾಗಿದ್ದ ನನ್ನ ಮೇಲೆ ಬಿತ್ತು.

ನಾನು ವೈದ್ಯನಲ್ಲ, ಕೃಷಿಕನೂ ಅಲ್ಲ. ಹಳೆಯ ಮೇಷ್ಟರು ಮಾಡಬಲ್ಲ ಕೆಲಸವನ್ನಷ್ಟೇ ಮಾಡಿದೆ: ಈ ಪ್ರಶ್ನೆಯನ್ನು ನನಗಿಂತ ಮೊದಲು ಯಾರು ಕೇಳಿದ್ದರೆಂದು ಹುಡುಕುತ್ತ ಹೋದೆ. ಹಾಗೆ ಹೋದವನು ಬಂದು ನಿಂತದ್ದು ದೂರದ ದೇಶದಲ್ಲಲ್ಲ, ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ. ಗೊಬ್ಬರದ ಗುಣ ಧಾನ್ಯಕ್ಕೂ, ಧಾನ್ಯದ ಗುಣ ದೇಹಕ್ಕೂ ಇಳಿಯುವುದೇ ಎಂದು ಪ್ರಯೋಗದಿಂದ ಪರೀಕ್ಷಿಸಲು ಹೊರಟ ಮೊದಲಿಗರಲ್ಲಿ ಒಬ್ಬರು ಅಲ್ಲಿ ಬಾಳಿದರು. ಅವರೇ ಸರ್ ರಾಬರ್ಟ್ ಮೆಕ್ಯಾರಿಸನ್. ಸಾವಯವ ಆಹಾರವನ್ನು ಪ್ರತಿಪಾದಿಸುವವರು ಇಂದಿಗೂ ಅವರ ಹೆಸರನ್ನು ಗೌರವದಿಂದ ಸ್ಮರಿಸುತ್ತಾರೆ. ಆದರೆ ಅವರು ಕಂಡದ್ದೆಷ್ಟು, ಅವರ ಹೆಸರಿನಲ್ಲಿ ಉಳಿದವರು ಹೇಳಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯವೆಂದು ಅವರ ಜೀವನವನ್ನು ಓದಿದ ಮೇಲೆ ನನಗೆ ತೋರಿತು.

ಮೆಕ್ಯಾರಿಸನ್ ಅವರು 1878ರ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ಉತ್ತರ ಭಾಗದ ಪೋರ್ಟಡೌನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟಿನಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸಿಗೆ ಸೇರಿದರು. ತರುಣ ವೈದ್ಯರಿಗೆ ದೊರೆತದ್ದು ಸುಖದ ಠಾಣೆಯಲ್ಲ. ವಾಯವ್ಯ ಗಡಿಯ ಚಿತ್ರಾಲ್. ಅಲ್ಲಿನ ಸಿಪಾಯಿಗಳನ್ನು ಬೇಸಗೆಯಲ್ಲಿ ಮೂರು ದಿನಗಳ ಜ್ವರವೊಂದು ಕಾಡುತ್ತಿತ್ತು. ಅದಕ್ಕೂ ಮರಳುನೊಣಕ್ಕೂ ಇರುವ ಸಂಬಂಧವನ್ನು ಮೆಕ್ಯಾರಿಸನ್ ಗುರುತಿಸಿದರು. ಕಣ್ಣಿಗೆ ಬಿದ್ದುದನ್ನು ಎಣಿಸಿ, ಬರೆದಿಟ್ಟು, ಕಾರಣವನ್ನು ಅರಸುವ ಅವರ ಸ್ವಭಾವ ಆಗಲೇ ಪ್ರಕಟವಾಯಿತು.

1904ರಿಂದ ಏಳು ವರ್ಷ ಅವರು ಗಿಲ್ಗಿಟ್ ಪ್ರಾಂತದಲ್ಲಿದ್ದರು. ಆ ಕಣಿವೆಯ ಹಳ್ಳಿಗಳಲ್ಲಿ ಗಳಗಂಡ ರೋಗ ಹೇರಳವಾಗಿತ್ತು. ಒಂದೇ ಕಾಲುವೆಯ ನೀರು ಹಳ್ಳಿಯಿಂದ ಹಳ್ಳಿಗೆ ಇಳಿದು ಬರುತ್ತಿತ್ತು. ಮೇಲಿನ ಹಳ್ಳಿಯಲ್ಲಿ ರೋಗಿಗಳು ಕಡಿಮೆ. ಕೆಳಕ್ಕೆ ಇಳಿದಂತೆಲ್ಲ, ನೀರು ಮಲಿನವಾದಂತೆಲ್ಲ, ರೋಗಿಗಳ ಸಂಖ್ಯೆ ಏರುತ್ತಿತ್ತು. ಇದನ್ನು ಕಂಡ ಮೆಕ್ಯಾರಿಸನ್ ಆ ನೀರಿನ ಮಡ್ಡಿಯನ್ನು ಸೋಸಿ ತೆಗೆದು, ಒಪ್ಪಿದ ಕೆಲವರಿಗೆ ಕುಡಿಸಿದರು, ತಾವೂ ಕುಡಿದರು. ಕೆಲವರ ಕೊರಳಿನ ಗ್ರಂಥಿ ಊದಿಕೊಂಡಿತು. ಕುದಿಸಿದ ಮಡ್ಡಿಯನ್ನು ಕುಡಿದವರಿಗೆ ಏನೂ ಆಗಲಿಲ್ಲ. ಇದರಿಂದ ಗಳಗಂಡಕ್ಕೆ ಯಾವುದೋ ಸಜೀವ ಅಂಟೇ ಕಾರಣವೆಂದು ಅವರು ನಿರ್ಣಯಿಸಿದರು. ಆ ರೋಗದ ಮುಖ್ಯ ಕಾರಣ ಅಯೊಡಿನ್ನಿನ ಕೊರತೆಯೆಂಬುದು ಆಮೇಲೆ ಸ್ಥಿರಪಟ್ಟಿತು. ಕಂಡದ್ದು ಸತ್ಯ, ಕಂಡದ್ದರಿಂದ ಊಹಿಸಿದ್ದಕ್ಕೆ ತಿದ್ದುಪಡಿ ಬೇಕಾಯಿತು. ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮ್ಮ ಪ್ರಶ್ನೆಗೂ ಇದು ದಾರಿ ತೋರಿಸುತ್ತದೆ.

ಗಿಲ್ಗಿಟ್ಟಿನ ಉತ್ತರಕ್ಕೆ ಹುಂಜಾ ಎಂಬ ನಾಡು. ಧಾನ್ಯ, ತರಕಾರಿ, ಜರದಾಳು ಹಣ್ಣು, ಸ್ವಲ್ಪ ಹಾಲು, ಅಪರೂಪಕ್ಕೆ ಮಾಂಸ ಇವುಗಳಿಂದಲೇ ಬಾಳುತ್ತಿದ್ದ ಅಲ್ಲಿಯ ಜನರ ದೃಢಕಾಯವನ್ನು ಕಂಡು ಮೆಕ್ಯಾರಿಸನ್ ಬೆರಗಾದರು. 1921ರಲ್ಲಿ ಅಮೆರಿಕದಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರ ವಿಚಾರವನ್ನು ಹೇಳಿದರು. ಮುಂದೆ ಬೇರೆ ಲೇಖಕರು ಅದಕ್ಕೆ ರೆಕ್ಕೆಪುಕ್ಕ ಕಟ್ಟಿ, ರೋಗವನ್ನೇ ಅರಿಯದ ದೇವಭೂಮಿಯೊಂದನ್ನು ನಿರ್ಮಿಸಿಬಿಟ್ಟರು. ಹುಂಜಾದಲ್ಲಿ ಔಷಧಾಲಯವನ್ನು ನಡೆಸಿದ ಜಾನ್ ಕ್ಲಾರ್ಕ್ ಎಂಬ ಅಮೆರಿಕನ್ನರು 1956ರಲ್ಲಿ ಪ್ರಕಟಿಸಿದ ಪುಸ್ತಕವನ್ನು ನೋಡಿದರೆ, ಮಲೇರಿಯ, ಆಮಶಂಕೆ, ಹೊಟ್ಟೆಹುಳು ಮುಂತಾದವು ಅಲ್ಲಿಯ ಬಡವರನ್ನೂ ಬಿಟ್ಟಿರಲಿಲ್ಲವೆಂದು ತಿಳಿಯುತ್ತದೆ. ಸೊಸೆ ಎಲ್ಲೋ ಓದಿ ನನಗೆ ಹೇಳಿದ್ದ ನೂರಿಪ್ಪತ್ತು ವರ್ಷ ಬಾಳುವ ಗುಡ್ಡಗಾಡಿನವರ ಕಥೆಯ ಮೂಲ ಇದೇ ಎಂದು ಆಗ ಹೊಳೆಯಿತು.

ಮೆಕ್ಯಾರಿಸನ್ನರ ನಿಜವಾದ ಕಾರ್ಯಕ್ಷೇತ್ರ ಕೂನೂರು. 1918ರಲ್ಲಿ ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ ಅವರು ಬೆರಿಬೆರಿ ರೋಗದ ವಿಚಾರಣೆಯನ್ನು ಕೈಗೊಂಡರು. ಅಕ್ಕಿಯನ್ನು ಗಿರಣಿಯಲ್ಲಿ ಬಿಳುಪಾಗಿ ಪಾಲಿಷ್ ಮಾಡಿ ಉಣ್ಣುವವರಿಗೆ ಆ ರೋಗ ಬರುತ್ತಿತ್ತು. ತೌಡಿನೊಡನೆ ಬಿ1 ಜೀವಸತ್ತ್ವ ಕಳೆದುಹೋಗುತ್ತಿದ್ದುದೇ ಇದಕ್ಕೆ ಕಾರಣ. ಅನಾರೋಗ್ಯದಿಂದ ಅವರು ನಡುವೆ ಸ್ವದೇಶಕ್ಕೆ ಹೋಗಬೇಕಾಯಿತು. ಹಿಂದಿರುಗಿ ಬಂದು ಕೆಲಸ ಹಿಡಿದರೆ 1923ರಲ್ಲಿ ಸರ್ಕಾರದ ವೆಚ್ಚಕಡಿತದ ಕತ್ತರಿಗೆ ಆ ಸಂಶೋಧನೆಯೇ ಸಿಕ್ಕಿಬಿದ್ದಿತು. ಕೋಟ್ಯಂತರ ಜನರ ಅನ್ನವನ್ನು ಕುರಿತ ವಿಚಾರಣೆ ಎರಡು ವರ್ಷ ಬಾಗಿಲು ಮುಚ್ಚಿತ್ತು. 1925ರಲ್ಲಿ ಅದು ಮತ್ತೆ ಆರಂಭವಾಯಿತು.

ಅನಂತರ ನಡೆದ ಇಲಿಗಳ ಪ್ರಯೋಗವೇ ಅವರಿಗೆ ಲೋಕಖ್ಯಾತಿಯನ್ನು ತಂದಿತು. ಒಂದೇ ವಯಸ್ಸಿನ ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದ್ರಾಸಿನವರು ಉಣ್ಣುವಂಥ ಆಹಾರವನ್ನು ಒಂದೊಂದು ಗುಂಪಿಗೆ ಕೊಟ್ಟರು. ಕೆಲವು ವಾರಗಳ ಮೇಲೆ ತೂಗಿ ನೋಡಿದಾಗ ನಾನು ಮೇಲೆ ಹೇಳಿದ ಕ್ರಮದಲ್ಲಿಯೇ ಅವು ನಿಂತವು. ಸಿಖ್ಖರ ಊಟದ ಇಲಿ ಮೊದಲನೆಯದು. ಮದ್ರಾಸಿನ ಊಟದ್ದು ಕಡೆಯದು. ಕನ್ನಡಿಗರ ಊಟದ್ದು ಐದನೆಯದು. ಇದನ್ನು ಓದಿದಾಗ ನನಗೆ ಸ್ವಲ್ಪ ಮುಖಭಂಗವಾದಂತಾಯಿತು. ಉತ್ತರದ ಜೋಳ, ಹಳೆಯ ಮೈಸೂರಿನ ರಾಗಿ, ಕರಾವಳಿಯ ಕುಚ್ಚಲಕ್ಕಿ ಮೂರನ್ನೂ ಒಂದೇ ಕನ್ನಡಿಗರ ಊಟವೆಂದು ಕರೆಯುವುದು ಸರಿಯಲ್ಲವೆಂದು ವಾದಿಸಬಹುದು. ಆದರೂ ಪ್ರಯೋಗದ ಸಾರವನ್ನು ಅಲ್ಲಗಳೆಯುವಂತಿಲ್ಲ. ಹೊಟ್ಟು ತೆಗೆಯದ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಮೊಳಕೆ ಕಡಲೆ, ಹಸಿ ತರಕಾರಿ, ಆಗೊಮ್ಮೆ ಮಾಂಸ ಇವು ಮೇಲಿನವರ ಊಟ. ಹಾಲೂ ಹಸಿರೂ ಕಡಿಮೆಯಾಗಿ, ಬಿಳಿ ಅಕ್ಕಿಯ ಪಾಲು ಹೆಚ್ಚಿದಂತೆಲ್ಲ ದೇಹ ಕುಗ್ಗುತ್ತ ಹೋಯಿತು. ಸಿಖ್ಖರ ಆಹಾರವನ್ನು ಕೊಟ್ಟು, ಚೊಕ್ಕಟವಾಗಿ ಸಾಕಿದ ಸಾವಿರಕ್ಕೂ ಮಿಕ್ಕಿದ ಇಲಿಗಳಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ರೋಗವೆಂಬುದೇ ಹೆಚ್ಚುಕಡಿಮೆ ಕಾಣಲಿಲ್ಲ. ಇಂಗ್ಲೆಂಡಿನ ಬಡ ಕೂಲಿಗಾರರು ತಿನ್ನುವ ಬಿಳಿ ಬ್ರೆಡ್ಡು, ಮಾರ್ಗರೀನ್, ಡಬ್ಬಿಯ ಮಾಂಸ, ಸಕ್ಕರೆಯ ಚಹಾ ಇವುಗಳನ್ನು ತಿಂದ ಇಲಿಗಳಾದರೋ ಕೃಶವಾಗಿ, ಸಿಡುಕಿನಿಂದ ಕಚ್ಚಾಡಿ, ಕೊನೆಗೆ ಒಂದನ್ನೊಂದು ಕೊಂದು ತಿನ್ನತೊಡಗಿದವು.

ಇಷ್ಟು ಪ್ರಯೋಗಗಳಲ್ಲಿ ಗೊಬ್ಬರದ ಮಾತು ಬಂದಿಲ್ಲವೆಂಬುದನ್ನು ಗಮನಿಸಬೇಕು. ಅದು ಬಂದದ್ದು ಬೇರೆ ಪ್ರಯೋಗದಲ್ಲಿ. ಕೊಯಮತ್ತೂರಿನ ಕೃಷಿಕ್ಷೇತ್ರದಲ್ಲಿ ಹಲವು ವರ್ಷಗಳಿಂದ ಒಂದು ತಾಕಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ ಗೊಬ್ಬರ ಎಂಬಂತೆ ಬೇಸಾಯ ನಡೆದಿತ್ತು. ಅಲ್ಲಿಯ ಕೃಷಿರಸಾಯನ ತಜ್ಞರಾದ ಬಿ. ವಿಶ್ವನಾಥ್ ಅವರೊಡನೆ ಕೂಡಿ, ಹೀಗೆ ಬೆಳೆದ ಕಿರುಧಾನ್ಯ ಮತ್ತು ಗೋಧಿಗಳನ್ನು ಮೆಕ್ಯಾರಿಸನ್ ಪರೀಕ್ಷಿಸಿದರು. ಕೊಟ್ಟಿಗೆ ಗೊಬ್ಬರದ ಧಾನ್ಯವೇ ರಾಸಾಯನಿಕ ಗೊಬ್ಬರದ ಧಾನ್ಯಕ್ಕಿಂತ ಹೆಚ್ಚು ಪುಷ್ಟಿಕರವೆಂದು 1926ರಲ್ಲಿ ಪ್ರಕಟಿಸಿದರು. ಈ ಚಿಕ್ಕ ಪ್ರಯೋಗದ ಬೀಜ ಇಂಗ್ಲೆಂಡಿನಲ್ಲಿ ಮರವಾಯಿತು. ಇಂದೂರಿನಲ್ಲಿ ಕಾಂಪೋಸ್ಟ್ ವಿಧಾನವನ್ನು ರೂಪಿಸಿದ ಸರ್ ಆಲ್ಬರ್ಟ್ ಹೋವರ್ಡ್ ಅದನ್ನು ಎತ್ತಿ ಹಿಡಿದರು. 1939ರಲ್ಲಿ ಚೆಷೈರ್ ಪ್ರಾಂತದ ವೈದ್ಯರು ಕರೆದ ಸಭೆಯಲ್ಲಿ ಮೆಕ್ಯಾರಿಸನ್ ಮತ್ತು ಹೋವರ್ಡ್ ಇಬ್ಬರೂ ಮಾತನಾಡಿದರು. 1946ರಲ್ಲಿ ಅಲ್ಲಿ ಹುಟ್ಟಿದ ಸಾಯಿಲ್ ಅಸೋಸಿಯೇಷನ್ ಎಂಬ ಸಂಸ್ಥೆಯ ಮೂಲದಲ್ಲಿಯೂ ಇದೇ ಪ್ರೇರಣೆ ಇದೆ.

ಆದರೆ ಗಳಗಂಡದ ಕಥೆ ಇಲ್ಲಿಯೂ ಮರುಕಳಿಸಿದಂತಿದೆ. 2009ರಲ್ಲಿ ಲಂಡನ್ನಿನ ವಿದ್ವಾಂಸರು ಅರ್ಧ ಶತಮಾನದ ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಸಾವಯವ ಆಹಾರದ ಪೋಷಕಾಂಶಗಳಲ್ಲಿ ಹೇಳಿಕೊಳ್ಳುವಂಥ ಹೆಚ್ಚಳವನ್ನು ಕಾಣಲಿಲ್ಲ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ತಂಡವೂ ಹೆಚ್ಚು ಕಡಿಮೆ ಅದನ್ನೇ ಹೇಳಿ, ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಡಿಮೆಯೆಂದು ಒಪ್ಪಿತು. 2014ರಲ್ಲಿ ನ್ಯೂಕ್ಯಾಸಲ್ಲಿನ ತಂಡವೊಂದು ಕೆಲವು ಉಪಯುಕ್ತ ಅಂಶಗಳು ಸಾವಯವ ಬೆಳೆಯಲ್ಲಿ ಹೆಚ್ಚೆಂದೂ ಕ್ಯಾಡ್ಮಿಯಂ ಕಡಿಮೆಯೆಂದೂ ತೋರಿಸಿತು. ಮೆಕ್ಯಾರಿಸನ್ ಕಾಲದಲ್ಲಿ ಪ್ರಶ್ನೆ ಗೊಬ್ಬರದ್ದು, ಡಿ.ಡಿ.ಟಿ.ಯ ಕೀಟನಾಶಕ ಗುಣ ತಿಳಿದದ್ದೇ 1939ರಲ್ಲಿ. ನಮ್ಮ ಕಾಲದ ಪ್ರಶ್ನೆ ವಿಷದ್ದು. ಆ ವಿಷ ಉಣ್ಣುವವನಿಗಿಂತ ಮೊದಲು ತಟ್ಟುವುದು ಬೆಳೆಯುವವನಿಗೆ ಮತ್ತು ಅವನ ನೆರೆಯವರಿಗೆ. ಕಾಸರಗೋಡಿನ ಕನ್ನಡದ ಹಳ್ಳಿಗಳ ಮೇಲೆ 2000ದವರೆಗೆ ಗೇರುತೋಟಗಳಿಗಾಗಿ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಷ್ಟು ಮನೆಗಳನ್ನು ಕಣ್ಣೀರಿನಲ್ಲಿ ಮುಳುಗಿಸಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಸಾವಯವಕ್ಕೆ ಕೊಡುವ ಹೆಚ್ಚಿನ ಹಣ ನಮ್ಮ ಆರೋಗ್ಯಕ್ಕಿಂತ ಅಂಥವರ ಆರೋಗ್ಯಕ್ಕೆ ಕೊಟ್ಟ ಹಣವೆಂದು ಭಾವಿಸುವುದೇ ಹೆಚ್ಚು ಪ್ರಾಮಾಣಿಕವೇನೋ.

ಮೆಕ್ಯಾರಿಸನ್ ಅವರ ಉಳಿದ ಕಥೆ ಚಿಕ್ಕದು. ಶಾಲೆ ಕಾಲೇಜುಗಳಿಗಾಗಿ 1928ರಲ್ಲಿ ಅವರು ಆಹಾರವನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದರು. ಉಪಾಧ್ಯಾಯರ ಮೂಲಕವೇ ಈ ವಿದ್ಯೆ ಜನರನ್ನು ಮುಟ್ಟಬೇಕೆಂಬ ಅವರ ನಂಬಿಕೆ ನನ್ನಂಥವನಿಗೆ ವಿಶೇಷ ಸಂತೋಷವನ್ನು ಕೊಟ್ಟಿತು. 1933ರಲ್ಲಿ ಸರ್ ಪದವಿ ಬಂತು. 1935ರಲ್ಲಿ ನಿವೃತ್ತರಾಗಿ ಆಕ್ಸ್‌ಫರ್ಡಿನಲ್ಲಿ ನೆಲೆಸಿದರು. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರಿನಲ್ಲಿ ಬೆಳೆದು ನಿಂತಿದೆ. 1960ರ ಮೇ ತಿಂಗಳಲ್ಲಿ ಅದರ ಸ್ಥಾಪಕರು ಕಾಲವಾದರು.

ಈ ಓದಿನ ಫಲವಾಗಿ ನಾನು ಕೊಟ್ಟ ತೀರ್ಪು ಸೊಸೆಗೂ ಮಗನಿಗೂ ಅರ್ಧರ್ಧ ಒಪ್ಪಿಗೆಯಾಯಿತು. ಏನು ಉಣ್ಣುತ್ತೇವೆಂಬುದು ಮೊದಲ ಪ್ರಶ್ನೆ, ಅದು ಹೇಗೆ ಬೆಳೆದಿತೆಂಬುದು ಎರಡನೆಯದು. ಮೊದಲನೆಯದಕ್ಕೆ ಸಲ್ಲಬೇಕಾದ ಹಣವನ್ನು ಎರಡನೆಯದಕ್ಕೆ ತೆತ್ತು, ದುಬಾರಿ ಸಾವಯವ ಬಿಳಿ ಅಕ್ಕಿಯನ್ನೂ ಸಾವಯವ ಸಕ್ಕರೆಯ ಬಿಸ್ಕತ್ತನ್ನೂ ಮನೆ ತುಂಬಿಕೊಂಡರೆ ಮಗುವಿಗೆ ಆಗುವ ಲಾಭವೇನು? ಬನಶಂಕರಿಯ ಮಾರುಕಟ್ಟೆಯಿಂದ ದಿನವೂ ದಂಟು, ಮೆಂತ್ಯ, ನುಗ್ಗೆಸೊಪ್ಪು ಬರತೊಡಗಿತು. ಹಲವು ನೀರಿನಲ್ಲಿ ಅದನ್ನು ತೊಳೆಯುವ ಕೆಲಸ ನನ್ನದು. ರಾತ್ರಿಯ ಅನ್ನಕ್ಕೆ ಬದಲು ರಾಗಿಮುದ್ದೆ, ಮೊಳಕೆ ಹುರುಳಿಯ ಸಾರು, ಮೇಲೊಂದಿಷ್ಟು ನಿಂಬೆರಸ. ಮಗುವಿನ ಊಟದ ಹೊತ್ತಿಗೆ ಕಾಫಿಗೆ ರಜ. ಸಿಪ್ಪೆಸಹಿತ ತಿನ್ನುವ ಹಣ್ಣುಗಳನ್ನೂ ರಾಗಿಯನ್ನೂ ಮಾತ್ರ, ಕೈಯಲ್ಲಿ ಹಣವಿದ್ದ ತಿಂಗಳಲ್ಲಿ, ಸಾವಯವ ಅಂಗಡಿಯಿಂದ ತರುವುದೆಂದಾಯಿತು. ವೈದ್ಯರ ಔಷಧವನ್ನು ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 11.6ಕ್ಕೆ ಏರಿತ್ತು. ಸೊಸೆ ಸಾವಯವ ರಾಗಿಯನ್ನು ಕೊಂಡಾಡಿದಳು, ಮಗ ಔಷಧವನ್ನು, ನನ್ನ ಮನೆಯವರು ನುಗ್ಗೆಸೊಪ್ಪನ್ನು. ನಾನಾದರೋ ಗಿಲ್ಗಿಟ್ಟಿನ ಕಾಲುವೆಯನ್ನು ನೆನೆದು ಸುಮ್ಮನಿದ್ದೆ. ಮಗು ಈಗ ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಕೊಳ್ಳುವುದಿಲ್ಲ. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.