ಮಕ್ಕಳ ಬಂಧು ಸಿಡ್ನಿ ಫಾರ್ಬರ್

ಗುಣವಾಗುವ ರೋಗಕ್ಕೆ ಮದ್ದು ಕೊಡುವುದು ವೈದ್ಯನ ಧರ್ಮ. ಗುಣವಾಗದ ರೋಗದಿಂದ ನರಳುವ ಎಳೆಯ ಜೀವದ ಬಳಿ ಕೊನೆಯವರೆಗೂ ನಿಲ್ಲುವುದು ಅದಕ್ಕಿಂತ ಕಠಿಣವಾದ ಧರ್ಮ. ಇವೆರಡನ್ನೂ ತಮ್ಮ ಬಾಳಿನಲ್ಲಿ ಒಂದುಗೂಡಿಸಿದವರು ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್.

ಫಾರ್ಬರ್ 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದರು. ಹದಿನಾಲ್ಕು ಮಕ್ಕಳ ತುಂಬು ಸಂಸಾರದಲ್ಲಿ ಅವರು ಮೂರನೆಯವರು. ಜರ್ಮನಿಯಲ್ಲಿ ವೈದ್ಯಶಾಸ್ತ್ರದ ಅಧ್ಯಯನವನ್ನು ಆರಂಭಿಸಿ, 1927ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಬಳಿಕ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರಾದರು. ತೀರಿಹೋದ ಮಕ್ಕಳ ಶರೀರವನ್ನು ಪರೀಕ್ಷಿಸಿ ಮರಣದ ಕಾರಣವನ್ನು ತಿಳಿಯುವುದು ಅವರ ಕೆಲಸದ ಮುಖ್ಯ ಭಾಗವಾಗಿತ್ತು. ಕಾಲಕ್ರಮದಲ್ಲಿ ಅವರ ಗಮನವು ಬದುಕಿರುವ ರೋಗಿಗಳತ್ತ ಹರಿಯಿತು.

ಆ ಕಾಲದಲ್ಲಿ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ತಗುಲಿದ ಮಗು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಅಸುನೀಗುತ್ತಿತ್ತು. ಫಾರ್ಬರರು ಮೊದಲು ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಕೊಟ್ಟು ನೋಡಿದರು. ರೋಗವು ಇನ್ನಷ್ಟು ಉಲ್ಬಣಿಸಿದಂತೆ ಕಂಡಿತು. ಹಾಗಾದರೆ ಆ ಸತ್ವದ ಕೆಲಸವನ್ನು ತಡೆಯುವ ಮದ್ದು ರೋಗವನ್ನೂ ತಡೆಯಬಹುದೆಂದು ಅವರು ತರ್ಕಿಸಿದರು. ಅಂತಹ ಮದ್ದನ್ನು ಒದಗಿಸಿದವರು, ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧಕರಾಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ಸಂಗಡಿಗರು. ಅಮಿನಾಪ್ಟೆರಿನ್ ಎಂಬ ಆ ಮದ್ದನ್ನು ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರೆಂಬ ವರದಿಯು 1948ರಲ್ಲಿ ಪ್ರಕಟವಾಯಿತು.

ಆದರೆ ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಕೆಲವು ತಿಂಗಳುಗಳಲ್ಲಿ ರೋಗವು ಮರುಕಳಿಸಿತು. ಸಾಯುವ ಮಕ್ಕಳನ್ನು ಮತ್ತಷ್ಟು ಬಾಧಿಸುವುದೇಕೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಫಾರ್ಬರರು ಸಂಶೋಧನೆಯನ್ನು ನಿಲ್ಲಿಸಲಿಲ್ಲ. ಜೊತೆಗೆ, ಮದ್ದು ಸೋತಾಗಲೂ ಆರೈಕೆ ಸೋಲಬಾರದೆಂಬುದನ್ನು ಮನಗಂಡರು. ಮಗು ಕಾಯಿಲೆ ಬಿದ್ದರೆ ಇಡೀ ಮನೆಯೇ ಕಂಗೆಡುತ್ತದೆ. ತಾಯಿತಂದೆಯರ ಅಳಲು, ಹಣದ ಚಿಂತೆ, ಒಡಹುಟ್ಟಿದವರ ಭಯ ಇವೆಲ್ಲವೂ ವೈದ್ಯನು ಗಮನಿಸಬೇಕಾದ ಸಂಗತಿಗಳೇ. ಆದುದರಿಂದ ಚಿಕಿತ್ಸೆ, ಪಥ್ಯಾಹಾರ, ಮನಸ್ಸಿಗೆ ಸಾಂತ್ವನ, ಕುಟುಂಬಕ್ಕೆ ನೆರವು ಇವೆಲ್ಲವೂ ಒಂದೇ ಕಡೆ ದೊರೆಯುವ ಸಮಗ್ರ ಆರೈಕೆಯ ಪದ್ಧತಿಯನ್ನು ಅವರು ರೂಪಿಸಿದರು.

ಈ ಕಾರ್ಯಕ್ಕೆ ಹಣ ಬೇಕಾಗಿತ್ತು. 1948ರಲ್ಲಿ ಬಾಲರೋಗಿಯೊಬ್ಬನ ಮಾತು ರೇಡಿಯೋದಲ್ಲಿ ಪ್ರಸಾರವಾಯಿತು. ಅವನ ನಿಜವಾದ ಹೆಸರನ್ನು ಮರೆಮಾಡಿ ಜಿಮ್ಮಿ ಎಂದು ಕರೆಯಲಾಗಿತ್ತು. ಕೇಳಿದ ಜನರು ಧಾರಾಳವಾಗಿ ಹಣ ಕಳುಹಿಸಿದರು. ಹೀಗೆ ಹುಟ್ಟಿದ ಜಿಮ್ಮಿ ನಿಧಿಯ ನೆರವಿನಿಂದ 1952ರಲ್ಲಿ ಮಕ್ಕಳ ಚಿಕಿತ್ಸೆಗೂ ಸಂಶೋಧನೆಗೂ ಹೊಸ ಕಟ್ಟಡವು ತಲೆಯೆತ್ತಿತು. ಸತ್ತನೆಂದೇ ಅನೇಕರು ಭಾವಿಸಿದ್ದ ಜಿಮ್ಮಿಯು ಬದುಕಿರುವನೆಂಬ ಸಂತಸದ ಸುದ್ದಿ 1998ರಲ್ಲಿ ಲೋಕಕ್ಕೆ ತಿಳಿಯಿತು.

ಅದನ್ನು ಕೇಳಲು ಫಾರ್ಬರರು ಇರಲಿಲ್ಲ. ಅವರು 1973ರಲ್ಲಿ ತೀರಿಕೊಂಡಿದ್ದರು. ಇಂದು ಉತ್ತಮ ಚಿಕಿತ್ಸೆ ದೊರೆಯುವೆಡೆ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೀಮಿಯಾಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಗುಣಹೊಂದದ ಮಕ್ಕಳ ನೋವನ್ನು ಶಮನಗೊಳಿಸಿ, ಅವರ ಮನೆಯವರಿಗೆ ಧೈರ್ಯ ತುಂಬುವುದೂ ವೈದ್ಯರ ಕರ್ತವ್ಯವೆಂದು ಲೋಕವು ಒಪ್ಪಿಕೊಂಡಿದೆ. ಈ ಅರಿವನ್ನು ಬೆಳೆಸಿದ ಹಿರಿಯರಲ್ಲಿ ಫಾರ್ಬರರೂ ಒಬ್ಬರು.