ಮೂತ್ರದ ಕೊಳವೆಯೊಂದಿಗೆ ವೇದಿಕೆ ಏರಿದ ಪೆರಿಯಾರ್

ಕ್ಯಾಥೆಟರ್ ಹಾಕಿದ ಮೇಲೆ ಹೊರಗೆ ಹೋಗುವುದನ್ನೇ ಬಿಟ್ಟ ಹಿರಿಯರು ನಿಮ್ಮ ಮನೆಯಲ್ಲಿದ್ದಾರೆಯೇ? ಅಥವಾ ಅದು ನೀವೇ ಆಗಿದ್ದೀರಾ? ಹಾಗಿದ್ದರೆ ಪೆರಿಯಾರ್ ಅವರ ಕೊನೆಯ ವರ್ಷಗಳ ಬಗ್ಗೆ ನೀವು ತಿಳಿದಿರಬೇಕು. ನೀವು ರಾಯಪುರಂನವರಾದರೆ ಅವರ ಸಮಾಧಿ ಇರುವ ವೇಪೇರಿಯ ಪೆರಿಯಾರ್ ತಿಡಲ್ ನಿಮಗೆ ದೂರವೇನಲ್ಲ.

ಇ. ವಿ. ರಾಮಸಾಮಿ ಹುಟ್ಟಿದ್ದು 1879ರಲ್ಲಿ, ಈರೋಡಿನ ವ್ಯಾಪಾರಿ ಕುಟುಂಬದಲ್ಲಿ. ಮನೆಮಾತು ಕನ್ನಡ. 1924ರಲ್ಲಿ ವೈಕಂ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು, ನಂತರ ಸ್ವಾಭಿಮಾನ ಚಳವಳಿ ಕಟ್ಟಿದರು, 1944ರಲ್ಲಿ ದ್ರಾವಿಡರ್ ಕಳಗಂ. ಅವರ ವಿಚಾರಗಳನ್ನು ನೀವು ಒಪ್ಪಬಹುದು, ಬಿಡಬಹುದು. ಇಲ್ಲಿ ನಮ್ಮ ಮಾತು ಅವರ ಮುಪ್ಪಿನ ಬಗ್ಗೆ.

ವಯಸ್ಸಾದಂತೆ ಹರ್ನಿಯಾ ಮತ್ತು ಮೂತ್ರದ ತೊಂದರೆ ಅವರನ್ನು ಬಿಡದೆ ಕಾಡಿದವು. ಮೂತ್ರ ಹೋಗಲು ಕೊಳವೆ, ಅದು ತುಂಬಲು ಒಂದು ಪಾತ್ರೆ. ಅದನ್ನು ಜೊತೆಗೇ ಇಟ್ಟುಕೊಂಡು ವ್ಯಾನಿನಲ್ಲಿ ಊರೂರು ತಿರುಗಿದರು, ಸಭೆಗಳಲ್ಲಿ ಮಾತನಾಡಿದರು. ಜನ ನೋಡುತ್ತಾರೆಂದು ಸಭೆ ತಪ್ಪಿಸಲಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಇದಕ್ಕೆ ವಿರುದ್ಧವಾದದ್ದೇ ನಡೆಯುತ್ತದೆ. ವಾಸನೆ ಬಂದೀತೆಂದು ಮದುವೆ, ದೇವಸ್ಥಾನ, ಪಾರ್ಕು ಒಂದೊಂದಾಗಿ ನಿಲ್ಲುತ್ತವೆ. ಚೀಲ ಬೇಗ ತುಂಬಬಾರದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ; ಇದರಿಂದ ಸೋಂಕಿನ ಅಪಾಯ ಹೆಚ್ಚು. ಮಾತು ಕಡಿಮೆಯಾಗುತ್ತದೆ. ವಯಸ್ಸಾಯಿತಲ್ಲ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ, ಹಸಿವು ಕೆಟ್ಟಿದೆ, ಮಾತ್ರೆ ಬೇಡ ಎನ್ನುತ್ತಾರೆ, ತಾನು ಹೊರೆ ಎನ್ನುತ್ತಾರೆ ಎಂದಾದರೆ ಅದು ಬರೀ ವಯಸ್ಸಲ್ಲ, ಖಿನ್ನತೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ಆದರೆ ಒಂದೆರಡು ದಿನದಲ್ಲೇ ಗೊಂದಲ, ಅಸಂಬದ್ಧ ಮಾತು ಶುರುವಾದರೆ ಮೂತ್ರದ ಸೋಂಕೂ ಕಾರಣವಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಫಾರ್ಮಸಿಸ್ಟ್ ಆಗಿ ಒಂದು ಮಾತು: ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮೂತ್ರ ಕಟ್ಟುವಂತೆ ಮಾಡಬಹುದು. ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಅಥವಾ ಕೊಳವೆ ಈಚೆಗೆ ತೆಗೆದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ನಡುವೆ ನೀವಾಗಿಯೇ ನಿಲ್ಲಿಸಬೇಡಿ.

ಹಾಗೆಂದು ಪೆರಿಯಾರ್‌ಗಿದ್ದ ಛಲ ನಿಮಗೇಕಿಲ್ಲ ಎಂದು ಯಾರನ್ನೂ ಕೇಳಬೇಡಿ. ಅವರಿಗೆ ಗಾಡಿ ಇತ್ತು, ಎತ್ತಿ ಕೂರಿಸುವ ಜನರಿದ್ದರು, ಮಾತು ಕೇಳಲು ಸಾವಿರಾರು ಮಂದಿ ಕಾದಿದ್ದರು. ದುಃಖ ಅವರನ್ನೂ ಬಿಡಲಿಲ್ಲ. 1933ರಲ್ಲಿ ಪತ್ನಿ ನಾಗಮ್ಮೈ ತೀರಿಕೊಂಡರು. 1972ರ ಡಿಸೆಂಬರ್ 25ರಂದು ರಾಜಾಜಿ ಹೋದರು. ರಾಜಕೀಯದಲ್ಲಿ ಎದುರಾಳಿ, ಬದುಕಿನಲ್ಲಿ ಹಳೆಯ ಗೆಳೆಯ. ತೊಂಬತ್ತು ದಾಟಿದ್ದ ಪೆರಿಯಾರ್ ಗಾಲಿಕುರ್ಚಿಯಲ್ಲಿ ಅಂತ್ಯಕ್ರಿಯೆಗೆ ಬಂದು, ಎಲ್ಲರೆದುರು ಅತ್ತರು. ನಿಮ್ಮ ತಂದೆ ಗೆಳೆಯನ ಸಾವಿಗೆ ಅತ್ತರೆ ತಡೆಯಬೇಡಿ, ಹತ್ತಿರ ಕುಳಿತುಕೊಳ್ಳಿ.

1973ರ ಡಿಸೆಂಬರ್ 19ರಂದು ತ್ಯಾಗರಾಯ ನಗರದಲ್ಲಿ ಅವರ ಕೊನೆಯ ಭಾಷಣ. ನಡುವೆ ನೋವು ತಡೆಯಲಾರದೆ ನರಳಿದರು, ಮತ್ತೆ ಮುಂದುವರಿಸಿದರು. 24ರಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 94 ವರ್ಷ.

ಇಷ್ಟು ವರ್ಷ ಅವರ ಊಟ, ಔಷಧ ನೋಡಿಕೊಂಡವರು ಮಣಿಯಮ್ಮೈ. 1949ರಲ್ಲಿ ಅವರನ್ನು ಮದುವೆಯಾದಾಗ ದೊಡ್ಡ ಗದ್ದಲವೇ ಆಗಿತ್ತು. ಪತಿ ಹೋದ ಐದು ವರ್ಷದೊಳಗೆ, 1978ರಲ್ಲಿ, ಅವರೂ ತೀರಿಕೊಂಡರು. ಆರೈಕೆ ಮಾಡುವವರೇ, ನಿಮ್ಮ ರಕ್ತದೊತ್ತಡ ಕೊನೆಯ ಬಾರಿ ನೋಡಿಸಿದ್ದು ಯಾವಾಗ?

ರಾಯಪುರಂ ಸುತ್ತಮುತ್ತ ಇರುವವರು ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಹಿರಿಯರು ಬದುಕು ಸಾಕು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಆಗಲೇ ಕರೆ ಮಾಡಿ.