ಮೊಗ್ಲಿಂಗ್ ಬದುಕು ಎತ್ತಿದ ಇನ್ನೊಂದು ಪ್ರಶ್ನೆ

ಪ್ರತಿವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಅಂದು ವೇದಿಕೆಗಳಲ್ಲಿ ತಪ್ಪದೆ ಕೇಳಿಬರುವ ಹೆಸರು ಹರ್ಮನ್ ಮೊಗ್ಲಿಂಗ್ ಅವರದು. 1843ರಲ್ಲಿ ಅದೇ ದಿನ ಮಂಗಳೂರಿನಿಂದ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಊರ ವರ್ತಮಾನ, ಸರ್ಕಾರದ ಆದೇಶ, ಪರದೇಶದ ಸುದ್ದಿ, ನೀತಿಕಥೆ ಎಲ್ಲವನ್ನೂ ಒಳಗೊಂಡಿದ್ದ ಆ ಪಾಕ್ಷಿಕ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅಲ್ಲಿಗೆ ಮೊಗ್ಲಿಂಗರ ಮಂಗಳೂರಿನ ಪತ್ರಿಕಾವೃತ್ತಿಯೂ ಮುಗಿಯಿತು. ಒಂದು ವರ್ಷವೂ ತುಂಬದ ಆ ಕೆಲಸವನ್ನು ನಾವು ನೆನೆಯುತ್ತೇವೆ; ಉಳಿದ ಬದುಕನ್ನು ಬದಿಗಿಡುತ್ತೇವೆ. ಅವರು ಸಮುದ್ರ ದಾಟಿ ಬಂದದ್ದು ಪತ್ರಿಕೆ ನಡೆಸಲು ಅಲ್ಲ. ಹುಟ್ಟಿನಿಂದ ಬಂದ ಧರ್ಮಕ್ಕೂ ಒಳಗಿನಿಂದ ಮೂಡಿದ ವಿಶ್ವಾಸಕ್ಕೂ ಇರುವ ಅಂತರ ಅವರ ಬದುಕಿನುದ್ದಕ್ಕೂ ಕಾಡಿದ ಸಂಗತಿಯೆಂದು ನನಗೆ ತೋರುತ್ತದೆ. ಓಕಳಿಪುರಂನ ಕ್ರೈಸ್ತ ಮನೆಯೊಂದರಲ್ಲಿ ಹುಟ್ಟಿ ಬೆಳೆದ ನನಗೆ ಅವರ ಚರಿತ್ರೆಯ ಈ ಭಾಗವೇ ಹೆಚ್ಚು ಹತ್ತಿರದ್ದು.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ. ಆ ಸೀಮೆಯಲ್ಲಿ ಚರ್ಚು ಮತ್ತು ಪ್ರಭುತ್ವ ಬೇರೆಬೇರೆಯಾಗಿರಲಿಲ್ಲ. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ, ಹದಿಹರೆಯದಲ್ಲಿ ದೃಢೀಕರಣ, ಮದುವೆ, ಮರಣ, ಎಲ್ಲವೂ ಪಾದ್ರಿಯ ದಫ್ತರದಲ್ಲಿ ದಾಖಲಾಗುತ್ತಿದ್ದವು. ಕ್ರೈಸ್ತನಾಗಲು ಯಾರೂ ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ. ಇಂಥ ನೆಲದಲ್ಲಿಯೇ ಪಯಟಿಸಂ ಎಂಬ ಭಕ್ತಿಪಂಥ ಬೇರುಬಿಟ್ಟಿತು. 1675ರಲ್ಲಿ ಫಿಲಿಪ್ ಯಾಕೋಬ್ ಸ್ಪೆನರ್ ಬರೆದ ಒಂದು ಸಣ್ಣ ಗ್ರಂಥ ಅದಕ್ಕೆ ಚಾಲನೆ ಕೊಟ್ಟಿತ್ತು. ಪೀಠದ ಮೇಲಿನ ವಿದ್ವತ್ತು, ಸಿದ್ಧಾಂತದ ಶುದ್ಧಿ, ಭಾನುವಾರದ ಹಾಜರಿ ಇವೆಲ್ಲ ಇದ್ದೂ ಮನುಷ್ಯನ ಒಳಗು ಕದಲದೆ ಇರಬಹುದು ಎಂಬುದು ಆ ಪಂಥದವರ ಮುಖ್ಯ ಆಕ್ಷೇಪವಾಗಿತ್ತು. ಮನೆಮನೆಗಳಲ್ಲಿ ಸೇರಿ ಬೈಬಲ್ ಓದುವುದು, ತನ್ನ ಮನಸ್ಸನ್ನು ತಾನೇ ವಿಚಾರಣೆಗೆ ಗುರಿಪಡಿಸುವುದು ಅವರ ಪದ್ಧತಿ.

ಮೊಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ, ದೈವಶಾಸ್ತ್ರವನ್ನು. ಅದೇ ಪೀಳಿಗೆಯಲ್ಲಿ ಅದೇ ವಿದ್ಯಾಕೇಂದ್ರದಿಂದ ಬಂದ ಡೇವಿಡ್ ಫ್ರೀಡ್ರಿಕ್ ಸ್ಟ್ರಾಸ್ 1835ರಲ್ಲಿ ಯೇಸುವಿನ ಚರಿತ್ರೆಯನ್ನು ವಿಮರ್ಶೆಯ ಒರೆಗೆ ಹಚ್ಚಿದ ಗ್ರಂಥ ಪ್ರಕಟಿಸಿ ಯೂರೋಪಿನಲ್ಲೆಲ್ಲ ಕೋಲಾಹಲವೆಬ್ಬಿಸಿದರು. ಮರುವರ್ಷ ಮೊಗ್ಲಿಂಗ್ ಭಾರತದ ಹಡಗು ಹತ್ತಿದರು. ಪದವಿ ಪಡೆದ ಪಂಡಿತನಿಗೆ ತಾಯ್ನಾಡಿನಲ್ಲಿ ಪಾದ್ರಿಯ ಹುದ್ದೆ, ಮನೆ, ಮರ್ಯಾದೆ ಎಲ್ಲವೂ ಕಾದಿದ್ದವು. ಅವನ್ನು ಬಿಟ್ಟು ಅವರು ಸೇರಿದ್ದು 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನನ್ನು. ಆ ಸಂಸ್ಥೆಯ ಬಹುಪಾಲು ಬೋಧಕರು ರೈತರ, ಕುಶಲಕರ್ಮಿಗಳ ಮಕ್ಕಳು. ಅಲ್ಲಿ ಪ್ರವೇಶ ಬಯಸುವವನು ತನ್ನ ಜೀವನವೃತ್ತಾಂತವನ್ನು ಬರೆದುಕೊಡಬೇಕಾಗಿತ್ತು. ತಾನು ಯಾವಾಗ, ಹೇಗೆ ಒಳಗಿನಿಂದ ಬದಲಾದೆನೆಂಬುದನ್ನು ವಿವರಿಸಬೇಕಾಗಿತ್ತು. ದೀಕ್ಷಾಸ್ನಾನದ ಪ್ರಮಾಣಪತ್ರ ಅಲ್ಲಿ ಸಾಲುತ್ತಿರಲಿಲ್ಲ.

ಈ ಪ್ರಶ್ನೆ ಜರ್ಮನಿಯದು ಮಾತ್ರ ಆಗಿರಲಿಲ್ಲ. ಇಂಗ್ಲೆಂಡಿನ ಜಾನ್ ವೆಸ್ಲಿ ಇದಕ್ಕೆ ಇನ್ನೊಂದು ನಿದರ್ಶನ. ಪಾದ್ರಿಯ ಮಗ, ಆಕ್ಸ್‌ಫರ್ಡಿನ ಅಧ್ಯಾಪಕ, ಸ್ವತಃ ದೀಕ್ಷಿತ ಪಾದ್ರಿ, ಉಪವಾಸ ಪ್ರಾರ್ಥನೆಗಳಲ್ಲಿ ಕಟ್ಟುನಿಟ್ಟು, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಾಣುತ್ತಿದ್ದವರು, ಅಮೆರಿಕದ ಜಾರ್ಜಿಯಾಕ್ಕೆ ಧರ್ಮಪ್ರಚಾರಕ್ಕೆಂದು ಹೋದವರು. 1736ರ ಜನವರಿಯಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಸಿಕ್ಕಾಗ ತಾವು ಸಾವಿಗೆ ಹೆದರುತ್ತಿರುವುದು ಅವರ ಅರಿವಿಗೆ ಬಂತು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಸಭೆಯ ಸಾಮಾನ್ಯ ಜನ, ಹೆಂಗಸರು ಮಕ್ಕಳು ಸಹಿತ, ನಿರ್ಭಯವಾಗಿ ಕೀರ್ತನೆ ಹಾಡುತ್ತಿದ್ದರು. ಇತರರನ್ನು ಪರಿವರ್ತಿಸಲು ಹೊರಟ ತಮ್ಮ ಪರಿವರ್ತನೆಯೇ ಆಗಿಲ್ಲವೆಂಬ ಕೊರಗಿನಿಂದ ವೆಸ್ಲಿ ಮರಳಿದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಣ್ಣ ಕೂಟದಲ್ಲಿ ಅವರಿಗೆ ಆ ನೆಮ್ಮದಿ ದೊರಕಿತು. ಅವರ ಹೆಸರಿನ ಮಿಷನ್ ಮುಂದೆ ಬೆಂಗಳೂರಿಗೂ ಬಂತು. ಇಲ್ಲಿಯ ಹಡ್ಸನ್ ಸ್ಮಾರಕ ಚರ್ಚು ಆ ಪರಂಪರೆಯದು. ಮೊಗ್ಲಿಂಗರ ಕೊಡಗಿನ ಕುರಿತ ಪುಸ್ತಕ 1855ರಲ್ಲಿ ಅಚ್ಚಾದದ್ದು ಬೆಂಗಳೂರಿನ ಅದೇ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ.

ಮಂಗಳೂರಿಗೆ ಬಂದ ಮೊಗ್ಲಿಂಗ್ ಕನ್ನಡ ಕಲಿತರು, ಶಾಲೆ ನಡೆಸಿದರು. ಬಲ್ಮಠದಲ್ಲಿ ಬೋಧಕರನ್ನು ತಯಾರುಮಾಡುವ ವಿದ್ಯಾಲಯ ಕಟ್ಟಿದರು. ವಿದ್ಯಾರ್ಥಿಗಳೊಡನೆಯೇ ವಾಸಿಸಿ, ಅವರ ಊಟವನ್ನೇ ಉಂಡು, ದೊರೆತನದ ದೂರವನ್ನು ಕಡಿಮೆ ಮಾಡಲು ಯತ್ನಿಸಿದರು. ಅವರ ಇಂಗ್ಲಿಷ್ ಶಾಲೆಗೆ ಬರುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆತ ಗುರುವಿನ ಹೆಸರನ್ನೇ ಇಟ್ಟುಕೊಂಡು ಹರ್ಮನ್ ಆನಂದರಾಯ ಕೌಂಡಿನ್ಯನಾದ. ಮನೆ, ಬಂಧುಬಳಗ ದೂರವಾದವು. ಹೆಂಡತಿ ಅವನೊಡನೆ ಬರಲೊಪ್ಪಲಿಲ್ಲ. ಮುಂದೆ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಬೋಧಕನಾಗಿ ನೇಮಕಗೊಂಡು ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನಲ್ಲಿಯೇ ದುಡಿದರು. ವಿಶ್ವಾಸಕ್ಕೆ ಬೆಲೆಯೊಂದಿದೆ ಎಂಬುದು ವುರ್ಟೆಂಬರ್ಗಿನಲ್ಲಿ ಪ್ರವಚನದ ವಿಷಯವಾಗಿತ್ತು. ಮಂಗಳೂರಿನಲ್ಲಿ ಹತ್ತೊಂಬತ್ತು ತುಂಬದ ಹುಡುಗನೊಬ್ಬ ಅದನ್ನು ತೆತ್ತ. ಅವನು ತೆತ್ತುದಕ್ಕಿಂತಲೂ ಹೆಚ್ಚನ್ನು ಅವನ ಹೆತ್ತವರೂ ಆ ಹೆಂಡತಿಯೂ ತೆತ್ತಿರಬಹುದು; ಮಿಷನ್ನಿನ ಚರಿತ್ರೆಗಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊಗ್ಲಿಂಗರಿಗೂ ಒಂದು ಕುರುಡಿತ್ತು. ತಮ್ಮ ನಾಡಿನ ಹೆಸರಿನ ಕ್ರೈಸ್ತರಲ್ಲಿ ವಿಶ್ವಾಸವನ್ನೂ ಬರಿಯ ಆಚಾರವನ್ನೂ ಅವರು ಬಿಡಿಸಿ ನೋಡಬಲ್ಲವರಾಗಿದ್ದರು. ಇಲ್ಲಿಯ ಧರ್ಮಗಳನ್ನು ಮಾತ್ರ ಒಟ್ಟಾಗಿ ವಿಗ್ರಹಾರಾಧನೆಯೆಂದು ಒಂದೇ ಗಂಟಿನಲ್ಲಿ ಕಟ್ಟಿದರು. ಅವರ ಕೈಗಳು ಬೇರೊಂದು ಕೆಲಸ ಮಾಡುತ್ತಿದ್ದುದು ಸೋಜಿಗ. 1848ರಿಂದ 1853ರವರೆಗೆ, ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವನ್ನು ಅವರು ಅಚ್ಚುಹಾಕಿಸಿದರು. ಓಲೆಗರಿಗಳಲ್ಲಿ, ಹಾಡುವವರ ಕೊರಳಲ್ಲಿ ಉಳಿದಿದ್ದ ಸಾಹಿತ್ಯ ಮುದ್ರಣಕ್ಕೆ ಬಂದದ್ದು ಹೀಗೆ. ಮುಳುಗಿ ಮಿಂದರೂ ಮಡಿಯಾಗದ ಮನಸ್ಸು, ತುಟಿಯಲ್ಲಿ ದೇವರ ಹೆಸರಿದ್ದು ಒಳಗೆ ಲೋಭ ಕುಳಿತಿರುವ ಡಂಭ ಇವನ್ನು ದಾಸರಷ್ಟು ನಿರ್ದಯವಾಗಿ ಬಯಲಿಗೆಳೆದವರು ಕಡಿಮೆ. ಅವರಿಗಿಂತ ಮೊದಲೇ ವಚನಕಾರರು ಆ ಕೆಲಸ ಮಾಡಿದ್ದರು. ಪಯಟಿಸಂ ಕೇಳಿದ ಪ್ರಶ್ನೆಯನ್ನು ಕನ್ನಡ ಹನ್ನೆರಡನೆಯ ಶತಮಾನದಿಂದಲೇ ಕೇಳುತ್ತ ಬಂದಿತ್ತು. ಆ ಪದಗಳನ್ನು ಅಚ್ಚಿಗೆ ಸಿದ್ಧಪಡಿಸಿದ ಮೊಗ್ಲಿಂಗ್ ಆ ಬಂಧುತ್ವವನ್ನು ಪೂರ್ಣವಾಗಿ ಒಪ್ಪಿಕೊಂಡಿದ್ದರೆ ಮಿಷನ್ನಿನ ಭಾಷೆಯೇ ಬದಲಾಗುತ್ತಿತ್ತು. ಈ ಗ್ರಂಥಮಾಲೆಗಾಗಿ 1858ರಲ್ಲಿ ಟ್ಯೂಬಿಂಗೆನ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆ ಹೊತ್ತಿಗೆ ಅವರು ಕೊಡಗಿನಲ್ಲಿದ್ದರು. ಆಲಮಂಡ ಮನೆತನದ ಸೋಮಯ್ಯ ಎಂಬ ಕೊಡವ ಸನ್ಯಾಸಿ ಮಂಗಳೂರಿಗೆ ಬಂದು ಕ್ರೈಸ್ತನಾಗಿ ಸ್ತೆಫನನೆಂಬ ಹೆಸರು ಪಡೆದ ಮೇಲೆ, 1853ರಲ್ಲಿ ಮೊಗ್ಲಿಂಗ್ ಅವನೊಡನೆ ಬೆಟ್ಟ ಹತ್ತಿದರು. ಕೊಡವರು ಹಿಂಡುಹಿಂಡಾಗಿ ಬರುವರೆಂಬ ನಿರೀಕ್ಷೆ ಫಲಿಸಲಿಲ್ಲ. ಬಂದವರು ಭೂಮಾಲೀಕರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತವಿದ್ದ ಹೊಲೆಯರು. ಜೀತಕ್ಕೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ ಶಾಸನ 1843ರಲ್ಲಿಯೇ, ಅಂದರೆ ‘ಮಂಗಳೂರ ಸಮಾಚಾರ’ ಹುಟ್ಟಿದ ವರ್ಷವೇ ಬಂದಿತ್ತು; ಗದ್ದೆಯ ಬದುವಿನಲ್ಲಿ ಬದಲಾದದ್ದು ಅಲ್ಪ. 1850ರ ದಶಕದ ಕೊನೆಯಲ್ಲಿ ಮೊಗ್ಲಿಂಗ್ ಮತ್ತು ಕೌಂಡಿನ್ಯ ಕಾಫಿಯ ನೆಲವೊಂದನ್ನು ಪಡೆದು ಆ ಜನರಿಗಾಗಿ ಆನಂದಪುರವೆಂಬ ಹಳ್ಳಿಯನ್ನು ಕಟ್ಟಿದರು. ಬ್ರಾಹ್ಮಣನಾಗಿ ಹುಟ್ಟಿದವನ ಹೆಸರು ಹೊಲೆಯರ ಊರಿಗೆ ನಿಂತಿತು. ಸಾಲ, ಪತ್ನಿಯ ಅನಾರೋಗ್ಯ ಎರಡೂ ಸೇರಿ 1860ರಲ್ಲಿ ಮೊಗ್ಲಿಂಗ್ ಜರ್ಮನಿಗೆ ಮರಳಬೇಕಾಯಿತು. ಮತ್ತೆ ಅವರು ಈ ದೇಶಕ್ಕೆ ಬರಲಿಲ್ಲ.

ಆನಂದಪುರದ ಜನರ ಬಗ್ಗೆ ಆಗಲೂ ಈಗಲೂ ಒಂದೇ ಸಂಶಯ: ಇವರು ಬಂದದ್ದು ಕ್ರಿಸ್ತನಿಗಾಗಿಯೋ, ಅನ್ನ ಮತ್ತು ನೆಲಕ್ಕಾಗಿಯೋ? ಮಿಷನ್ನೂ ಈ ಸಂಶಯದಿಂದ ಮುಕ್ತವಾಗಿರಲಿಲ್ಲ. ಜಾತಿಯಿಂದ ಹೊರಬಿದ್ದವರಿಗೆ ದುಡಿಮೆ ಒದಗಿಸಲು ಅದು ನೇಯ್ಗೆ, ಮುದ್ರಣ, 1865ರಿಂದ ಹೆಂಚಿನ ಕಾರ್ಖಾನೆ ಆರಂಭಿಸಿತು. ಇನ್ನೊಂದು ಕಡೆ, ನಡತೆ ತಪ್ಪಿದವರನ್ನು ಪ್ರಭುಭೋಜನದಿಂದ ದೂರವಿಟ್ಟು ಶಿಸ್ತು ನಡೆಸಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಮತಾಂತರ ನಿಯಂತ್ರಣ ಕಾಯ್ದೆಯೂ ಮತ ಬದಲಿಸುವವನ ನಿಜವಾದ ಉದ್ದೇಶವೇನೆಂದು ಜಿಲ್ಲಾ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿಸಬೇಕೆಂದಿತು. 2023ರಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಹಸಿದು ಬಂದವನ ವಿಶ್ವಾಸವನ್ನು ಪರೀಕ್ಷಿಸಲು ಎಲ್ಲರೂ ಸಿದ್ಧ. ಮೂರು ತಲೆಮಾರಿನಿಂದ ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತವನ ಉದ್ದೇಶವನ್ನು ಯಾರೂ ಕೇಳುವುದಿಲ್ಲ. ಅವನಿಗೂ ಅಲ್ಲಿಂದ ದೊರೆತದ್ದು ಕಡಿಮೆಯೇನಲ್ಲ. ಒಳ್ಳೆಯ ಶಾಲೆ, ನೌಕರಿಗೆ ಬೇಕಾದ ಇಂಗ್ಲಿಷ್, ಮದುವೆಗೆ ಸಂಬಂಧ, ಸಮಾಜದಲ್ಲಿ ಸ್ಥಾನ, ಕೊನೆಗೆ ಸ್ಮಶಾನದಲ್ಲಿ ಜಾಗ. ಸುವಾರ್ತೆಯ ಪುಟಗಳಲ್ಲಿ ಯೇಸುವಿನ ಬಳಿ ಬಂದವರು ಬಹುಪಾಲು ರೋಗ ವಾಸಿಯಾಗಲೆಂದೋ ರೊಟ್ಟಿಗಾಗಿಯೋ ಬಂದವರು. ಅವರನ್ನು ಆತ ಬಾಗಿಲಲ್ಲಿ ತಡೆದು ಉದ್ದೇಶ ಕೇಳಲಿಲ್ಲ. ಆತನ ಕಟುವಾದ ಮಾತು ಬಿದ್ದದ್ದು ಶಾಸ್ತ್ರ ಬಲ್ಲ ಫರಿಸಾಯರ ಮೇಲೆ. ಹೊಸದಾಗಿ ಹುಟ್ಟಬೇಕೆಂದು ಆತ ಹೇಳಿದ್ದು ಧರ್ಮಬೋಧಕನಾದ ನಿಕೊದೇಮನಿಗೆ. ಯಾವ ಕಾರಣದಿಂದ ಒಳಗೆ ಬಂದೆ ಎಂಬುದಕ್ಕಿಂತ, ಬಂದ ಮೇಲೆ ಏನಾದೆ ಎಂಬುದು ದೊಡ್ಡ ಪ್ರಶ್ನೆ.

ಹಾಗಾದರೆ ಧಾರ್ಮಿಕರಲ್ಲಿ ವಿಶ್ವಾಸ ಏಕೆ ಕಾಣೆಯಾಗುತ್ತದೆ? ಧಾರ್ಮಿಕತೆಯೇ ಅದಕ್ಕೆ ಬದಲಿಯಾಗಿ ಕುಳಿತುಬಿಡುವುದರಿಂದ ಎಂದು ನನಗನಿಸುತ್ತದೆ. ಕ್ರೈಸ್ತ ವಿಶ್ವಾಸದ ಮೊದಲ ಮೆಟ್ಟಿಲು, ತಾನು ಬರಿಗೈಯವನೆಂಬ ಅರಿವು. ಆಚಾರ ಸರಿಯಾಗಿ ನಡೆದಷ್ಟೂ ಕೈ ತುಂಬಿದ ಭಾವನೆ ಬರುತ್ತದೆ. ಕ್ಷಮೆ ಬೇಡುವ ಅಗತ್ಯ ತೋರುವುದಿಲ್ಲ. ದೇವಾಲಯದಲ್ಲಿ ತನ್ನ ಉಪವಾಸ, ದಶಮಾಂಶಗಳ ಲೆಕ್ಕ ಒಪ್ಪಿಸಿದವನಿಗಿಂತ, ತಲೆಯೆತ್ತಲಾರದೆ ದೂರ ನಿಂತ ಸುಂಕದವನೇ ನೀತಿವಂತನಾಗಿ ಮನೆಗೆ ಹೋದನೆಂಬ ಸಾಮ್ಯದ ತಿರುಳು ಇದು.

ಇದನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ರೈಲು ಹಳಿಗಳ ಪಕ್ಕದ ನಮ್ಮ ಓಕಳಿಪುರಂನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಆಡುವ ದುಡಿಯುವ ಜನ ಒತ್ತೊತ್ತಾಗಿ ಬದುಕುತ್ತಾರೆ. ಎಲ್ಲ ಧರ್ಮಗಳ ಹಬ್ಬಗಳೂ ಇಲ್ಲಿ ಸಡಗರದಿಂದ ನಡೆಯುತ್ತವೆ. ಕ್ರಿಸ್‌ಮಸ್ ಬಂದರೆ ನಮ್ಮ ಮನೆಗಳ ಮೇಲೆ ನಕ್ಷತ್ರದೀಪ ತೂಗುತ್ತದೆ. ಆದರೆ ಹೆಣ್ಣು ಗಂಡಿನ ಮಾತು ಬಂದಾಗ, ಒಂದೇ ಬಟ್ಟಲಿನಿಂದ ಪ್ರಭುಭೋಜನ ಪಡೆದವರೇ ಹಳೆಯ ಜಾತಿಯನ್ನು ವಿಚಾರಿಸುತ್ತಾರೆ. ಸಭೆಯ ಚುನಾವಣೆಗಳು ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಸಹಪಂಕ್ತಿಯನ್ನು ಕಡ್ಡಾಯ ಮಾಡಿ ಜಾತಿಯನ್ನು ಒಪ್ಪಲಾರೆನೆಂದ ಬಾಸೆಲ್ ಮಿಷನ್ನಿನ ವಾರಸುದಾರರೂ ಈ ರೋಗದಿಂದ ಪೂರ್ತಿ ಪಾರಾಗಿಲ್ಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರಿಕೆ ಹೇಳುವಾಗ ಅದು ಇಂಥವನ್ನೇ ಉದ್ದೇಶಿಸಿರಬೇಕು. ಶ್ರೀಮಂತನಿಗೆ ಒಳ್ಳೆಯ ಪೀಠ, ಬಡವನಿಗೆ ಕಾಲ ಬಳಿ ಜಾಗ ತೋರಿಸುವ ಸಭೆಯ ಪ್ರಸ್ತಾಪ ಅದೇ ಅಧ್ಯಾಯದಲ್ಲಿದೆ.

ತಾಯ್ನಾಡಿನಲ್ಲಿ ಮೊಗ್ಲಿಂಗ್ ಪಾದ್ರಿಯಾಗಿ ಉಳಿದ ದಿನಗಳನ್ನು ಕಳೆದರು. ಕಿಟೆಲ್ ಅವರ ಶಬ್ದಕೋಶದ ಕೆಲಸಕ್ಕೆ ಬೆಂಬಲವಾಗಿ ನಿಂತು ಕನ್ನಡದ ನಂಟನ್ನು ಉಳಿಸಿಕೊಂಡರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಮತಾಂತರಗಳ ಸಂಖ್ಯೆಯಿಂದ ಅಳೆದರೆ ಅವರದು ದೊಡ್ಡ ಯಶಸ್ಸಲ್ಲ. ಪತ್ರಿಕೆ ಕೈಬಿಟ್ಟಿತು, ಕೊಡಗು ಒಲಿಯಲಿಲ್ಲ, ಸಾಲ ಉಳಿಯಿತು. ಆದರೂ ತಾನು ಹುಟ್ಟಿ ಬಂದ ಧರ್ಮವನ್ನು ಹುಟ್ಟಿನ ಹಕ್ಕೆಂದು ಹಿಡಿದು ಕೂರದೆ, ಅದು ತನ್ನಿಂದ ಏನನ್ನು ಕೇಳುತ್ತದೆಂದು ವಿಚಾರಿಸಿ ಅದರಂತೆ ಹೊರಟವರು ಅವರು. ಪತ್ರಿಕಾ ದಿನಾಚರಣೆಯಂದು ಅವರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಅನ್ಯರ ವಿಶ್ವಾಸವನ್ನು ತೂಗುವ ಮುನ್ನ ತನ್ನದನ್ನು ತಕ್ಕಡಿಗೆ ಹಾಕುವುದು ಕಷ್ಟದ ಕೆಲಸ. ಕ್ರೈಸ್ತರಾದ ನಮಗೆ ಅದು ಮೊದಲ ಕರ್ತವ್ಯ. ಬೇರೆ ಧರ್ಮಗಳವರಿಗೂ ಅದರಿಂದ ನಷ್ಟವೇನೂ ಆಗಲಾರದು.